ಪಟಪಟ ಓದೋ ಮಗುಗೆ ಅರ್ಥನೂ ಆಗ್ಬೇಕಂದ್ರೆ ಏನ್ಮಾಡ್ಬೇಕು

ಮೊದ್ಲು ಈ ವಾಕ್ಯ ಓದಿ: "ಗಿಮಟವು ಪೊಳಕೆಯ ಮೇಲೆ ಜೋರಾಗಿ ದೊಗರಿತು." ಈಗ ಹೇಳಿ, ಗಿಮಟ ಎಲ್ಲಿ ದೊಗರಿತು? ಪೊಳಕೆಯ ಮೇಲೆ. ಹೇಗೆ ದೊಗರಿತು? ಜೋರಾಗಿ. ಎರಡಕ್ಕೆ ಎರಡೂ ಸರಿ, ಫುಲ್ ಮಾರ್ಕ್ಸ್! ಆದ್ರೆ ಗಿಮಟ ಅಂದ್ರೆ ಪ್ರಾಣಿನೋ ಪಾತ್ರೆನೋ ನಿಮಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಈಗ ತಾನೆ ನಾನೇ ಹುಟ್ಟಿಸಿದ ಪದ ಅದು.

ನಾವು ಮೋಸ ಹೋಗೋದು ಇಲ್ಲೇ. ಮಗು ತಡವರಿಸದೆ ಓದುತ್ತೆ, ಪಾಠದ ಕೆಳಗಿರೋ ಪ್ರಶ್ನೆಗೆ ಸಾಲು ಹುಡುಕಿ ಉತ್ತರ ಬರೆಯುತ್ತೆ, ನಾವು ಓದು ಬಂತು ಅನ್ಕೊಂಡು ಸುಮ್ನಾಗ್ತೀವಿ. ಪುಸ್ತಕ ಮುಚ್ಚಿಟ್ಟು "ಏನಾಯ್ತು ಕಥೇಲಿ?" ಅಂತ ಕೇಳಿ ನೋಡಿ, ಆಗ ಬಣ್ಣ ಬಯಲಾಗುತ್ತೆ.

1986ರಲ್ಲಿ ಗಾಫ್ ಮತ್ತು ಟನ್ಮರ್ ಅನ್ನೋ ಇಬ್ಬರು ಸಂಶೋಧಕರು ಇದನ್ನ ಒಂದು ಲೆಕ್ಕದ ಥರ ಹೇಳಿದ್ರು. ಅಕ್ಷರ ನೋಡಿ ಪದ ಗುರುತಿಸೋ ಶಕ್ತಿ ಒಂದು, ಕೇಳಿದ ಮಾತು ಅರ್ಥ ಮಾಡ್ಕೊಳ್ಳೋ ಶಕ್ತಿ ಇನ್ನೊಂದು, ಎರಡನ್ನೂ ಗುಣಿಸಿದ್ರೆ ಬರೋದೇ ಅರ್ಥಪೂರ್ಣ ಓದು. ಕೂಡೋದಲ್ಲ, ಗುಣಿಸೋದು, ಅಂದ್ರೆ ಒಂದು ಕಡೆ ಸೊನ್ನೆ ಇದ್ರೆ ಇನ್ನೊಂದು ಕಡೆ ಎಷ್ಟೇ ಇದ್ರೂ ಉತ್ತರ ಸೊನ್ನೆನೇ. ಹಾಗಾಗಿ ತೊಂದ್ರೆ ಯಾವ ಕಡೆ ಇದೆ ಅಂತ ಮೊದ್ಲು ಪತ್ತೆ ಹಚ್ಚಿ. ಮಗು ಓದಿ ಅರ್ಥ ಆಗ್ದೇ ಇರೋ ಕಥೆನ ನೀವೇ ಓದಿ ಹೇಳಿ. ಕೇಳಿದಾಗ ಅರ್ಥ ಆಯ್ತಾ? ಹಾಗಿದ್ರೆ ತೊಡಕು ಅಕ್ಷರದ ಕಡೆ. ಕೇಳಿದ್ರೂ ಆಗ್ಲಿಲ್ವಾ? ಆಗ ಪದಗಳು, ವಾಕ್ಯ, ಆ ವಿಷಯದ ಪರಿಚಯ, ಇಲ್ಲೆಲ್ಲೋ ಕೊರತೆ ಇದೆ, ಅಲ್ಲಿ ಕಾಗುಣಿತ ತಿದ್ದಿಸಿದ್ರೆ ಏನೂ ಪ್ರಯೋಜನ ಇಲ್ಲ.

ಅಕ್ಷರದ ಕಡೆ ತೊಡಕಿದ್ರೆ ಜಾಸ್ತಿ ಯೋಚ್ನೆ ಬೇಡ, ಅಭ್ಯಾಸದಿಂದ ಸರಿಹೋಗೋದೇ ಹೆಚ್ಚು. ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಂತು ಓದೋ ಮಗು ವಾಕ್ಯದ ಕೊನೆ ಮುಟ್ಟೋ ಹೊತ್ತಿಗೆ ಶುರುನಲ್ಲಿ ಏನಿತ್ತು ಅನ್ನೋದೇ ಮರೆತಿರುತ್ತೆ. ಚಿಕ್ಕದೊಂದು ಭಾಗ ತಗೊಳ್ಳಿ, ನೀವು ಒಂದ್ಸಲ ಓದಿ, ಮಗು ಬೆರಳಿಟ್ಟು ಹಿಂಬಾಲಿಸ್ಲಿ, ಆಮೇಲೆ ಅದನ್ನೇ ಮಗು ಮೂರ್ನಾಲ್ಕು ಸಲ ಓದ್ಲಿ. ನೂರು ಪದದಲ್ಲಿ ಹತ್ತಕ್ಕಿಂತ ಜಾಸ್ತಿ ಕಡೆ ಎಡವ್ತಿದ್ರೆ ಆ ಪುಸ್ತಕ ಸದ್ಯಕ್ಕೆ ಕಷ್ಟ, ಅದನ್ನ ನೀವೇ ಓದಿ ಹೇಳಿ. ಮೊದಲಕ್ಷರ ನೋಡಿ, ಚಿತ್ರ ನೋಡಿ ಪದ ಊಹಿಸು ಅಂತ ಮಾತ್ರ ಹೇಳ್ಕೊಡ್ಬೇಡಿ, ಆ ಚಟ ಹತ್ತಿದ್ರೆ ಬಿಡ್ಸೋದು ಕಷ್ಟ.

ಇನ್ನು ಭಾಷೆ ಕಡೆ. ಕನ್ನಡದಲ್ಲಿ ನಾವು ಮರೆತುಬಿಡೋ ಒಂದು ವಿಷ್ಯ ಇದೆ, ಮಗು ಕೇಳ್ಕೊಂಡು ಬೆಳೆದಿರೋ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. "ಹೊರಟೋದ" ಗೊತ್ತಿರೋ ಮಗುಗೆ "ತೆರಳಿದನು" ಹೊಸ ಪದನೇ. ಅದಕ್ಕೇ ಓದೋಕೆ ಬರೋಕ್ಕಿಂತ ಎಷ್ಟೋ ಮುಂಚೆಯಿಂದ ಪುಸ್ತಕನ ಇದ್ದ ಹಾಗೇ ಓದಿ ಹೇಳ್ಬೇಕು, ನಡುವೆ ಬೇಕಾದ್ರೆ ಆಡುಮಾತಲ್ಲಿ ಬಿಡಿಸಿ ಹೇಳಿ. ಮಗು ತಾನೇ ಓದೋಕೆ ಕಲಿತ ಮೇಲೂ ನಿಲ್ಲಿಸ್ಬೇಡಿ. ಕಷ್ಟದ ಪದಗಳಿಗಿಂತ ಜಾಸ್ತಿ ಕೈಕೊಡೋದು ಸಣ್ಣ ಪದಗಳು. "ಮಳೆ ಬಂತು, ಆದ್ದರಿಂದ..." ಅಂತ ನೀವು ನಿಲ್ಲಿಸಿ, ಮಗು ಮುಗಿಸ್ಲಿ, ಆಮೇಲೆ "ಮಳೆ ಬಂತು, ಆದರೂ..." ಅನ್ನಿ. ಎರಡಕ್ಕೂ ಒಂದೇ ಉತ್ತರ ಬಂದ್ರೆ ಕೆಲಸ ಎಲ್ಲಿದೆ ಅಂತ ಗೊತ್ತಾಯ್ತಲ್ಲ. "ಬೆಕ್ಕು ಇಲಿಯನ್ನು ನೋಡಿತು, ಅದು ಬಿಲಕ್ಕೆ ನುಗ್ಗಿತು" ಅಂದಾಗ "ಅದು" ಯಾರು ಅಂತಾನೂ ಕೇಳಿ. "ಬಾಗಿಲು ತೆಗೆದು ಒಳಗೆ ಬಂದು ಕೂತ" ಅನ್ನೋ ವಾಕ್ಯದಲ್ಲಂತೂ ಯಾರು ಅನ್ನೋದೇ ಇರಲ್ಲ, ಮಗುನೇ ಹಿಂದಿನ ಸಾಲಿಂದ ತರ್ಬೇಕು.

ವಿಷಯದ ಪರಿಚಯ ಎಷ್ಟು ಮುಖ್ಯ ಅನ್ನೋದಕ್ಕೆ 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅಮೆರಿಕದಲ್ಲಿ ಮಾಡಿದ ಪ್ರಯೋಗ ನೋಡಿ. ಬೇಸ್‌ಬಾಲ್ ಪಂದ್ಯದ ಬಗ್ಗೆ ಒಂದು ಬರಹನ 64 ಮಕ್ಕಳಿಗೆ ಕೊಟ್ರು. ಓದಿನಲ್ಲಿ ಹಿಂದಿದ್ರೂ ಆ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ನೆನಪಿಟ್ಟು ಹೇಳಿದ್ರು. ಅದಕ್ಕೇ ಓದೋಕ್ಮುಂಚೆ ಐದು ನಿಮಿಷ ಹರಟೆ ಹೊಡೀರಿ. ಆಕ್ಟೋಪಸ್ ಬಗ್ಗೆ ಪಾಠ ಇದ್ಯಾ, ಅದಕ್ಕೆ ಮೂಳೆನೇ ಇಲ್ಲ, ಸಣ್ಣ ಸಂದಿಯಲ್ಲೂ ತೂರುತ್ತೆ ಅಂತ ಮಾತಾಡಿ, ಆಮೇಲೆ ಪುಸ್ತಕ ತೆಗೀರಿ. ಒಂದೇ ವಿಷಯದ ಮೇಲೆ ಮೂರ್ನಾಲ್ಕು ಪುಸ್ತಕ ಸಾಲಾಗಿ ಓದಿಸೋದು ನನ್ನ ಪ್ರಕಾರ ದಿನಕ್ಕೊಂದು ಬೇರೆ ಬೇರೆ ಓದಿಸೋಕ್ಕಿಂತ ಒಳ್ಳೇದು, ಅವೇ ಪದಗಳು ಮತ್ತೆ ಮತ್ತೆ ಸಿಗ್ತಾವೆ.

ಓದುವಾಗ ಕೇಳೋ ಪ್ರಶ್ನೆ ಸಾಲಲ್ಲಿ ಬರೆದಿರೋದನ್ನ ಅಲ್ಲ, ಬರೆಯದೇ ಬಿಟ್ಟಿರೋದನ್ನ ಕೇಳ್ಬೇಕು. "ಫ್ಯಾನ್ ನಿಂತಿತು. ಪುಟ್ಟಿ ತಡಕಾಡಿ ಮೇಣದಬತ್ತಿ ಹಚ್ಚಿದಳು." ಕರೆಂಟ್ ಹೋಯ್ತು ಅಂತ ಎಲ್ಲೂ ಬರೆದಿಲ್ಲ, ಆದ್ರೆ ಅರ್ಥ ಇರೋದೇ ಅಲ್ಲಿ. ಏನಾಗಿರ್ಬಹುದು, ನಿಂಗೆ ಹೇಗೆ ಗೊತ್ತಾಯ್ತು, ಯಾವ ಪದ ನೋಡಿ ಹಾಗಂದೆ ಅಂತ ಕೇಳಿ. ಆದ್ರೆ ಸಾಲಿಗೊಂದು ಪ್ರಶ್ನೆ ಬೇಡ, ನಾನು ಹಾಗೆ ಮಾಡೋಕೆ ಹೋಗಿ ಮಗಳು ಪುಸ್ತಕ ಮುಚ್ಚಿ ಎದ್ದುಹೋಗಿದ್ಲು. ಪುಟಕ್ಕೊಂದು ಸಾಕು.

ತಪ್ಪು ಓದಿದ್ರೆ ತಕ್ಷಣ ಬಾಯಿ ಹಾಕ್ಬೇಡಿ, ವಾಕ್ಯ ಮುಗಿಯೋವರೆಗೂ ಕಾಯಿರಿ, ಮಗು ತಾನೇ "ಅಯ್ಯೋ, ಇದು ಸರಿ ಇಲ್ವಲ್ಲ" ಅಂತ ವಾಪಸ್ ಹೋದ್ರೆ ಅದು ದೊಡ್ಡ ಗೆಲುವು. "ಇದು ಅರ್ಥ ಆಗ್ಲಿಲ್ಲ" ಅಂದಾಗ್ಲೂ ಬೈಬೇಡಿ, ಎಲ್ಲಿ ತಪ್ಪಿಹೋಯ್ತು ಅಂತ ಗೊತ್ತಾಗ್ತಿದೆ ಅಂತಲೇ ಅರ್ಥ.

ಸ್ವಲ್ಪ ದೊಡ್ಡ ಮಕ್ಕಳಾದ್ರೆ ಪಾತ್ರ ಅದಲುಬದಲು ಮಾಡಿ. ಮುಂದೇನಾಗುತ್ತೆ ಅಂತ ಊಹಿಸೋದು, ಪ್ರಶ್ನೆ ಕೇಳೋದು, ಗೊಂದಲ ಬಿಡಿಸೋದು, ಚಿಕ್ಕದಾಗಿ ಹೇಳೋದು, ಈ ನಾಲ್ಕು ಕೆಲಸನ ಮಕ್ಕಳೇ ಟೀಚರ್ ಆಗಿ ಮಾಡೋ ವಿಧಾನನ ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ್ರು. ಮನೇಲಿ ಮಾಡೋದು ಇನ್ನೂ ಸುಲಭ: ಮಗು ಪ್ರಶ್ನೆ ಕೇಳ್ಲಿ, ನೀವು ಬೇಕಂತಲೇ ತಪ್ಪು ಉತ್ತರ ಕೊಡಿ. ಸುಮ್ನೆ "ತಪ್ಪು" ಅಂದ್ರೆ ಒಪ್ಪಬೇಡಿ, ಎಲ್ಲಿದೆ ತೋರಿಸು ಅನ್ನಿ, ಆಗ ಪುಸ್ತಕ ಕಿತ್ಕೊಂಡು ಸಾಲು ಹುಡುಕೋ ಜೋಶ್ ನೋಡ್ಬೇಕು ನೀವು!