ಈರುಳ್ಳಿ ಬಿಟ್ಟ ನಾಲ್ಕು ವಾರ

ಊಟವಾಗಿ ಎರಡು ಗಂಟೆ ಕಳೆದರೆ ಸಾಕು, ಹೊಟ್ಟೆ ನಗಾರಿಯಂತೆ ಉಬ್ಬುತ್ತಿತ್ತು. ಒಂದು ದಿನ ಮಲಬದ್ಧತೆ, ಮರುದಿನ ಭೇದಿ. ಯಾರೋ ಗೋಧಿ ಬಿಡು ಅಂದರು, ಸುಮ್ನೆ ಬಿಟ್ಟೆ. ಎಡವಿದ್ದೇ ಅಲ್ಲಿ.

ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟನ್‌ನಿಂದ ಕರುಳಿಗೆ ಹಾನಿಯಾಗುವುದು) ಇದೆಯಾ ಅಂತ ಮೊದಲು ರಕ್ತಪರೀಕ್ಷೆ ಆಗಬೇಕು ಎಂದರು ಡಾಕ್ಟರು. ಗೋಧಿ ತಿನ್ನುವುದು ನಿಲ್ಲಿಸಿದವರಲ್ಲಿ ಕಾಯಿಲೆ ಇದ್ದರೂ ಆ ಪರೀಕ್ಷೆಗೆ ಸಿಗದೇ ಹೋಗಬಹುದಂತೆ. ಹಾಗಾಗಿ ಮತ್ತೆ 6 ವಾರ ದಿನಾ ಗೋಧಿ ತಿಂದೆ, ಉಬ್ಬಿಕೊಂಡೇ ಓಡಾಡಿದೆ. ಸೀಲಿಯಾಕ್ ಇರಲಿಲ್ಲ. ಐಬಿಎಸ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ ಅಂದರು, ಡಯಟಿಷಿಯನ್ ಹತ್ತಿರ ಕಳಿಸಿದರು.

ಅವರು ಹೇಳಿದ್ದು ಲೋ ಫಾಡ್‌ಮ್ಯಾಪ್ ಪಥ್ಯ, ಅಂದರೆ ಕೆಲವು ಬಗೆಯ ಕಾರ್ಬೋಹೈಡ್ರೇಟ್ ಕಡಿಮೆ ಮಾಡುವ ಊಟ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಕಾರ್ಬೋಹೈಡ್ರೇಟ್ ಕಡಿಮೆ ಅಂದಕೂಡಲೇ ಅನ್ನಕ್ಕೆ ಕುತ್ತು ಬಂತು ಅಂದುಕೊಂಡಿದ್ದೆ. ಇಲ್ಲ, ಅಕ್ಕಿ, ಆಲೂಗಡ್ಡೆ ಎರಡೂ ತಿನ್ನಬಹುದು. ಬಿಡಬೇಕಾದದ್ದು ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಕಾರ್ಬೋಹೈಡ್ರೇಟ್‌ಗಳನ್ನು. ಅವು ಕರುಳಿಗೆ ನೀರು ಎಳೆಯುತ್ತವೆ. ದೊಡ್ಡ ಕರುಳಿಗೆ ಹೋದಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಾಳುಗಳು, ಹಾಲು, ಸೇಬು, ಜೇನು ಎಲ್ಲವೂ ಪಟ್ಟಿಯಲ್ಲಿದ್ದವು. ನಾನು ಇಡೀ ದಿನ ಅಗಿಯುತ್ತಿದ್ದ ಶುಗರ್‌ಫ್ರೀ ಚ್ಯೂಯಿಂಗ್ ಗಮ್ ಕೂಡ! ಅದರಲ್ಲಿ ಸಕ್ಕರೆ ಬದಲು ಸಾರ್ಬಿಟಾಲ್ ಇರುತ್ತದೆ.

ಹಾಲು ಬಿಡೋದು ಕಷ್ಟವಾಗಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ ಮಾತ್ರ ಸಪ್ಪೆ ಸಪ್ಪೆ. ಮೊದಲ ವಾರ ಜಾಣತನ ಮಾಡಿ, ಸೂಪಿನಲ್ಲಿ ಈರುಳ್ಳಿ ಬೇಯಿಸಿ ಹೋಳುಗಳನ್ನು ತೆಗೆದುಬಿಟ್ಟೆ. ರಾತ್ರಿಯಿಡೀ ಹೊಟ್ಟೆನೋವು. ಈರುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟ್ ನೀರಿನಲ್ಲಿ ಕರಗುತ್ತದೆ, ಅಂದರೆ ನಾನು ಕುಡಿದದ್ದು ಅದರ ಕಷಾಯವನ್ನೇ. ಆದರೆ ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಅಂದಿನಿಂದ ಎರಡು ಇಡೀ ಬೆಳ್ಳುಳ್ಳಿ ಎಸಳನ್ನು ಸಣ್ಣ ಉರಿಯಲ್ಲಿ ಎಣ್ಣೆಗೆ ಹಾಕಿ, ಅಂಚು ಹೊಂಬಣ್ಣಕ್ಕೆ ಬಂದಾಗ ಎತ್ತಿ ಬಿಸಾಡುತ್ತೇನೆ. ಎಣ್ಣೆಯಲ್ಲಿ ಘಮ ಉಳಿದಿರುತ್ತದೆ. ಇದನ್ನು ಆಗಿಂದಾಗಲೇ ಮಾಡಿ ಬಳಸಬೇಕು. ಬಾಟಲಿಗೆ ತುಂಬಿ ಹೊರಗಿಟ್ಟರೆ ಬಾಟುಲಿಸಂ ವಿಷವಾಗುವ ಅಪಾಯವಿದೆ. ಈರುಳ್ಳಿ ಹೂವಿನ ಹಸಿರು ಭಾಗವೂ ತೊಂದರೆ ಕೊಡಲಿಲ್ಲ, ಬಿಳಿ ಗಡ್ಡೆ ಮಾತ್ರ ಬೇಡ.

ಮೂರನೇ ವಾರಕ್ಕೆ ಉಬ್ಬರ ಇಳಿಯಿತು. ಇದನ್ನೇ ಮುಂದುವರಿಸೋಣ ಅನ್ನಿಸಿತ್ತು, ಆದರೆ ಡಯಟಿಷಿಯನ್ ಒಪ್ಪಲಿಲ್ಲ. ಹೀಗೇ ವರ್ಷಗಟ್ಟಲೆ ಬಿಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಉಪವಾಸ ಬೀಳುತ್ತವೆ ಅಂದರು. ನಾಲ್ಕು ವಾರ ಮುಗಿದಮೇಲೆ ಒಂದೊಂದನ್ನೇ ವಾಪಸ್ ತರಲು ಶುರುಮಾಡಿದೆ. ಒಂದು ಪದಾರ್ಥ, ಮೂರು ದಿನ, ದಿನಕ್ಕೆ ಸ್ವಲ್ಪ ಜಾಸ್ತಿ. ಆಮೇಲೆ ಎರಡು ದಿನ ಬಿಡುವು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸೇಬಿನಿಂದ ಶುರುಮಾಡಬಾರದಿತ್ತು. ಅದರಲ್ಲಿ ಫ್ರಕ್ಟೋಸ್ (ಹಣ್ಣಿನ ಸಕ್ಕರೆ), ಸಾರ್ಬಿಟಾಲ್ ಎರಡೂ ಇವೆ. ಹೊಟ್ಟೆ ಕೆಟ್ಟರೆ ಯಾವುದರದು ತಪ್ಪು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಆಮೇಲೆ ಫ್ರಕ್ಟೋಸಿಗೆ ಜೇನು, ಲ್ಯಾಕ್ಟೋಸಿಗೆ (ಹಾಲಿನ ಸಕ್ಕರೆ) ಹಾಲು ಅಂತ ಬೇರೆ ಬೇರೆ ಮಾಡಿ ನೋಡಿದೆ.

ಹಾಲು, ಜೇನು ಎರಡೂ ಪಾಸ್. ವರ್ಷಗಟ್ಟಲೆ ಹಾಲನ್ನೇ ದೂರಿದ್ದೆ, ಪಾಪ. ಗೋಧಿ ಒಂದು ಬ್ರೆಡ್ ಹೋಳಿನವರೆಗೆ ಸರಿ, ಮೂರಾದರೆ ಗೊರಗೊರ ಶುರು. ಈರುಳ್ಳಿ ಒಂದು ಚಮಚ ದಾಟಿದರೆ ಆ ದಿನ ಮುಗಿಯಿತು. ಬಾಳೆಹಣ್ಣು ಗಟ್ಟಿಯಾಗಿದ್ದರೆ ಪರವಾಗಿಲ್ಲ, ಚುಕ್ಕೆ ಬೀಳುವಷ್ಟು ಮಾಗಿದ್ದರೆ ನನಗೆ ಆಗುವುದಿಲ್ಲ.

ಅಣಬೆಯ ಸರದಿ ಇನ್ನೂ ಬಾಕಿ ಇದೆ. ಮೂರು ದಿನ ರಜೆ ಸಿಕ್ಕಾಗ ನೋಡಬೇಕು.