ಭಾವನ ಸಿಟಿ ಅಲಾಯ್ ನನ್ನ ಸ್ವಿಫ್ಟ್‌ಗೆ ಕೂರ್ಸಿದ್ದು: ನನ್ನ ಅನುಭವ

ನಮ್ ಭಾವ ತಮ್ಮ 2012ರ ಹೋಂಡಾ ಸಿಟಿ ಮಾರೋಕೆ ಇಟ್ಟಾಗ, ಅದಕ್ಕೆ ಹೊರಗಡೆ ಹಾಕ್ಸಿದ್ದ 15 ಇಂಚಿನ ಅಲಾಯ್ ಬಿಚ್ಚಿಟ್ಕೊಂಡು ಕಂಪನಿ ವೀಲ್ ಹಾಕೇ ಕೊಡ್ತೀನಿ ಅಂದ್ರು. ನಾನು ಫೋನಲ್ಲೇ "ಭಾವ, ಅವನ್ನ ಯಾರಿಗೂ ಕೊಡ್ಬೇಡಿ, ನನಗೆ ಬೇಕು" ಅಂದೆ. "ನಿನ್ ಗಾಡಿಗೆ ಕೂರತ್ತೇನೋ?" ಅಂತ ಕೇಳಿದ್ರು. ನನ್ನದು 2013ರ ಸ್ವಿಫ್ಟ್ ವಿಡಿಐ, 14 ಇಂಚಿನ ಸ್ಟೀಲ್ ರಿಮ್ಮು, 165/80 ಟೈರು (165 ಮಿಮೀ ಅಗಲ, ಪಕ್ಕದ ಎತ್ತರ ಅದರ 80%). ಎರಡೂ ಗಾಡಿದು ನಾಲ್ಕು ಬೋಲ್ಟು, 100 ಪಿಸಿಡಿ, ಅಂದ್ರೆ ಆ ನಾಲ್ಕು ತೂತಿನ ನಡು ಮೇಲೆ ಹಾದು ಹೋಗೋ ವೃತ್ತದ ಅಡ್ಡಳತೆ 100 ಮಿಮೀ. ಸ್ವಿಫ್ಟ್, ಸಿಟಿ, ಬಲೆನೊ, ಐ20 ಎಲ್ಲಾ ಇದೇ ಲೆಕ್ಕ, ಪೋಲೊ ಆದ್ರೆ ಐದು ಬೋಲ್ಟು, ಅದರ ದಾರಿನೇ ಬೇರೆ. ಹಾಗಾಗಿ ಕೂರತ್ತೆ ಅಂತ ಧೈರ್ಯವಾಗಿ ಹೇಳ್ದೆ. ಕೂರೋದೇನೋ ಕೂರ್ತು, ಆದ್ರೆ ಸರಿಯಾಗಿ ಕೂರೋಕೆ ಮೂರು ವಾರ ಹಿಡೀತು, ಅದನ್ನೇ ಇಲ್ಲಿ ಬರೀತಿದೀನಿ, ಇದೇ ಥರ ಮಾಡೋರಿಗೆ ನನಗಾದ ನಷ್ಟ ಆಗದೆ ಇರ್ಲಿ ಅಂತ.

ಮೊದಲನೇ ದಿನ ಒಂದು ಟೈರ್ ಅಂಗಡಿಗೆ ಹೋದೆ. ಭಾವ ಅಲಾಯ್ ಜೊತೆ ಅದರ ನಟ್ಟುಗಳನ್ನೂ ಒಂದು ಕವರಲ್ಲಿ ಹಾಕಿ ಕೊಟ್ಟಿದ್ರು. ಅಂಗಡಿ ಹುಡ್ಗ ಮುಂದಿನ ಎಡಗಡೆ ವೀಲ್ ಏರಿಸ್ದ, ಆ ಕವರಿನ ನಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿಸ್ದ, ಮೂರನೇ ಸುತ್ತಿಗೆ ಬಿಗಿ ಆಯ್ತು. ನಾನು "ತಡಿಯಪ್ಪ, ಯಾಕೋ ಹಿಡೀತಿದೆ" ಅನ್ನೋಷ್ಟ್ರಲ್ಲಿ ನಟ್ಟು ಬಿಗಿಯೋ ಗನ್ ಹಿಡಿದು ಟರ್‍ರ್ ಅನ್ನಿಸಿಬಿಟ್ಟ. ಬಿಚ್ಚಿ ನೋಡಿದ್ರೆ ಸ್ಟಡ್ (ಗಾಡಿ ಕಡೆಯಿಂದ ಹೊರಗೆ ಚಾಚಿರೋ, ನಟ್ಟು ಕೂರೋ ಬೋಲ್ಟು) ಮೇಲಿನ ಥ್ರೆಡ್ ಕಿತ್ತು ಬೆಳ್ಳಿ ದಾರದ ಥರ ನೇತಾಡ್ತಿತ್ತು. ಅಲ್ಲಿಗೇ ನಿಲ್ಲಿಸಿ ಹಳೇ ವೀಲ್ ಹಾಕ್ಸಿ ಮೂರೇ ನಟ್ಟಿನಲ್ಲಿ ನಿಧಾನಕ್ಕೆ ಮನೆಗೆ ಬಂದೆ, ದಾರಿ ಉದ್ದಕ್ಕೂ ನನಗೆ ಜೀವ ಕೈಯಲ್ಲಿತ್ತು.

ವಿಷಯ ಏನಂದ್ರೆ ಹೋಂಡಾದ್ದು 12 ಮಿಮೀ ಸ್ಟಡ್ಡು 1.5 ಪಿಚ್ಚು (ಥ್ರೆಡ್ಡಿನ ಒಂದು ಗೆರೆಯಿಂದ ಇನ್ನೊಂದಕ್ಕೆ ಇರೋ ದೂರ, ಮಿಮೀಲಿ), ಮಾರುತಿದು 12 ಮಿಮೀನೇ ಆದ್ರೆ 1.25 ಪಿಚ್ಚು. ಕಣ್ಣಿಗೆ ಎರಡೂ ಒಂದೇ, ಕೈಗೆ ಎರಡು ಸುತ್ತು ಹೋಗೂ ಹೋಗತ್ತೆ, ಅದೇ ಮೋಸ. ಐ20, ಎಟಿಯೋಸ್ ಕೂಡ 1.5ನೇ. ಯಾವ ಗಾಡಿಯಿಂದ ಅಲಾಯ್ ತಂದ್ರೂ ನಟ್ಟು ಮಾತ್ರ ನಿಮ್ಮ ಗಾಡಿ ಸ್ಟಡ್ಡಿಗೆ ಹೊಂದೋದೇ ಇರ್ಬೇಕು, ಅದೂ ಬರಿಗೈಯಲ್ಲಿ ಕೊನೇವರೆಗೂ ಸಲೀಸಾಗಿ ಹೋಗ್ಬೇಕು. ಇನ್ನೊಂದು ನಟ್ಟಿನ ಮೂತಿ. ಹೋಂಡಾ ಕಂಪನಿ ವೀಲಿಗೆ ಗುಂಡು ಮೂತಿ ನಟ್ಟು ಬರತ್ತೆ, ಹೊರಗಡೆ ಅಲಾಯ್‌ಗಳಿಗೆ ಸಾಮಾನ್ಯವಾಗಿ ಚೂಪು ಕೋನ್ ಮೂತಿ ಬೇಕು. ಗುಂಡು ಮೂತಿನ ಕೋನ್ ತೂತಿಗೆ ಹಾಕಿದ್ರೆ ಒಂದು ಗೆರೆಯಷ್ಟು ಜಾಗ ಮಾತ್ರ ತಾಗತ್ತೆ, ಓಡ್ತಾ ಓಡ್ತಾ ಸಡಿಲ ಆಗತ್ತೆ.

ನಮ್ ಮೆಕ್ಯಾನಿಕ್ ಅಣ್ಣ ಬ್ರೇಕಿನ ಕ್ಯಾಲಿಪರ್, ಡಿಸ್ಕ್ ಬಿಚ್ಚಿ ಕೆಟ್ಟ ಸ್ಟಡ್ಡನ್ನ ಹಿಂದಕ್ಕೆ ಹೊಡೆದು ತೆಗೆದ್ರು, ಹೊಸದನ್ನ ಹಿಂದಿನಿಂದ ತೂರಿಸಿ ಮುಂದೆ ನಾಲ್ಕು ವಾಷರ್ ಇಟ್ಟು ನಟ್ಟು ತಿರುಗಿಸ್ತಾ ತಿರುಗಿಸ್ತಾ ಎಳೆದು ಕೂರ್ಸಿದ್ರು. "ಗನ್ ಹಿಡ್ಯೋ ಕೈಗೆ ಮೊದಲು ಬೆರಳಲ್ಲಿ ತಿರುಗಿಸೋದು ಬರ್ಬೇಕು ಸಾರ್" ಅಂದ್ರು. ಆ ವಾರ ಬೆಂಗಳೂರಿಗೆ ಹೋದಾಗ ಜೆಸಿ ರೋಡಲ್ಲಿ 12x1.25ರ ಕೋನ್ ಮೂತಿ ನಟ್ಟು ಹದಿನಾರು ತಂದೆ, ನನ್ನ ಗಾಡಿ ಅಳತೆಯ ಒಂದು ಸ್ಟಡ್ ಜೇಬಲ್ಲಿ ಇಟ್ಕೊಂಡು ಹೋಗಿದ್ದೆ, ಹದಿನಾರನ್ನೂ ಅಲ್ಲೇ ಒಂದೊಂದಾಗಿ ತಿರುಗಿಸಿ ನೋಡಿ ತಗೊಂಡೆ.

ಈ ಸಲ ಅವಸರ ಮಾಡ್ಲಿಲ್ಲ, ಮೊದಲು ಅಳತೆ. ಅಲಾಯ್ ಹಿಂದೆ 15x6.5, ಇಟಿ 38 ಅಂತ ಅಚ್ಚಿತ್ತು, ಅಂದ್ರೆ 15 ಇಂಚು ವ್ಯಾಸ, 6.5 ಇಂಚು ಅಗಲ. ಇಟಿ ಅಂದ್ರೆ ಆಫ್‌ಸೆಟ್, ರಿಮ್ಮಿನ ಅಗಲದ ನಡು ಗೆರೆಯಿಂದ ಗಾಡಿಗೆ ತಾಗೋ ಜಾಗ ಎಷ್ಟು ಮಿಮೀ ಹೊರಗಿದೆ ಅನ್ನೋದು. ನನ್ನ ಸ್ಟೀಲ್ ರಿಮ್ಮು 5 ಇಂಚು ಅಗಲ. ಆಫ್‌ಸೆಟ್ ಲೆಕ್ಕ ಕಾಗದದ ಮೇಲೆ ಮಾಡೋಕಿಂತ ಕೈಯಲ್ಲೇ ಅಳೆಯೋದು ನನಗೆ ನಂಬಿಕೆ. ವೀಲನ್ನ ಮುಖ ಕೆಳಗೆ ಮಾಡಿ ಮಲಗಿಸಿ ರಿಮ್ಮಿನ ಅಂಚಿನ ಮೇಲೆ ಅಡ್ಡಕ್ಕೆ ನೇರವಾದ ಒಂದು ರೀಪರ್ ಇಟ್ಟು, ಅಲ್ಲಿಂದ ಹಬ್‌ಗೆ (ಗಾಡಿಲಿ ಚಕ್ರ ಕೂರೋ ಭಾಗ) ತಾಗೋ ಸಪಾಟು ಜಾಗದವರೆಗೆ ಸ್ಕೇಲ್ ಇಳಿಬಿಟ್ಟೆ. ಸ್ಟೀಲಿಗೆ 121 ಮಿಮೀ, ಅಲಾಯ್‌ಗೆ 133. ಅಂದ್ರೆ ಒಳಗಡೆ ಸ್ಟ್ರಟ್ (ಸಸ್ಪೆನ್ಶನ್ ಕಂಬ) ಕಡೆಗೆ 12 ಮಿಮೀ ಹತ್ರ ಹೋಗತ್ತೆ, ಹೊರಗಡೆಗೆ ಸುಮಾರು 26 ಮಿಮೀ ಬರತ್ತೆ. ಹಳೇ ಟೈರಿಗೂ ಸ್ಟ್ರಟ್ಟಿಗೂ ಮಧ್ಯೆ ಎಷ್ಟು ಜಾಗ ಇದೆ ಅಂತ ಬೆರಳು ತೂರ್ಸಿ ನೋಡ್ದೆ, ಒಳಗಡೆ ತೊಂದ್ರೆ ಇರ್ಲಿಲ್ಲ. ಹೊರಗಡೆದೇ ಅನುಮಾನ ಇತ್ತು, ಅದಕ್ಕೆ ಆಮೇಲೆ ಬರ್ತೀನಿ.

ಹಾಕಿದ್ವಿ. ಊರೊಳಗೆ ಏನೂ ಗೊತ್ತಾಗ್ಲಿಲ್ಲ, ಗಾಡಿ ನೋಡೋಕೆ ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ನಾನು ಎರಡು ಸಲ ತಿರುಗಿ ನೋಡಿದೀನಿ. ಭಾನುವಾರ ಹಾಸನದಿಂದ ಚನ್ನರಾಯಪಟ್ಟಣ ಕಡೆ ಹೈವೇಲಿ 85 ಮುಟ್ಟಿದ ತಕ್ಷಣ ಸ್ಟೇರಿಂಗ್ ನಡುಗೋಕೆ ಶುರು ಆಯ್ತು. 70ಕ್ಕೆ ಇಳಿದ್ರೆ ಸುಮ್ನಾಗತ್ತೆ, ಮತ್ತೆ 85ಕ್ಕೆ ಅದೇ ನಡುಕ. ಬ್ಯಾಲೆನ್ಸಿಂಗ್ ಎರಡು ಸಲ ಮಾಡ್ಸಿದೆ, ಮಷಿನ್ ಎರಡು ಸಲನೂ ಸೊನ್ನೆ ತೋರಿಸ್ತು, ಅಂಗಡಿಯವರು ಅಲೈನ್‌ಮೆಂಟ್ ಮಾಡ್ಸಿ ಅಂದ್ರು, ಅದನ್ನೂ ಮಾಡ್ಸಿದೆ, ದುಡ್ಡು ಹೋಯ್ತು ನಡುಕ ಹೋಗ್ಲಿಲ್ಲ.

ಕೊನೆಗೆ ಮನೆ ಮುಂದೆ ವೀಲ್ ಬಿಚ್ಚಿ ವರ್ನಿಯರ್ (ಮಿಲಿಮೀಟರಿನ ಚೂರನ್ನೂ ಅಳೆಯೋ ಸಾಧನ) ಹಿಡಿದೆ. ಸ್ವಿಫ್ಟ್ ಹಬ್ಬಿನ ಮಧ್ಯದ ಉಬ್ಬು 54.1 ಮಿಮೀ. ಸಿಟಿದು 56.1. ಹೊರಗಡೆ ಅಲಾಯ್ ಎಲ್ಲಾ ಗಾಡಿಗೂ ಆಗ್ಲಿ ಅಂತ ಮಧ್ಯದ ತೂತನ್ನ ದೊಡ್ಡದು ಮಾಡಿರ್ತಾರೆ, ಇದರದ್ದು 73.1, ಆ ಜಾಗ ತುಂಬೋಕೆ ಒಂದು ಪ್ಲಾಸ್ಟಿಕ್ ರಿಂಗ್ ಇರತ್ತೆ. ನಾನು ಸಿಟಿ ರಿಂಗನ್ನ ಹಾಗೇ ಬಿಟ್ಟಿದ್ದೆ, ಸುತ್ತ ಒಂದೊಂದು ಮಿಲಿಮೀಟರ್ ಖಾಲಿ. ಒಂದು ಮಿಲಿಮೀಟರ್ ಏನ್ ಮಹಾ ಅನ್ಸತ್ತೆ, ಆದ್ರೆ ಗಾಡಿ ಭಾರ ಚಕ್ರದ ಮೇಲಿರುವಾಗಲೇ ನಟ್ಟು ಬಿಗಿ ಮಾಡಿದ್ರೆ ಚಕ್ರ ಒಂದು ಕಡೆಗೆ ಜರುಗಿ ಕೂರತ್ತೆ, ಆಮೇಲೆ ನಡು ತಪ್ಪಿ ಸುತ್ತತ್ತೆ. ಮಷಿನಲ್ಲಿ ಯಾಕೆ ಗೊತ್ತಾಗಲ್ಲ ಅಂದ್ರೆ ಮಷಿನ್ ಆ ಮಧ್ಯದ ತೂತಿಗೆ ತನ್ನದೇ ಕೋನ್ ತೂರಿಸಿ ಸರಿಯಾಗಿ ನಡುವಿಗೆ ಹಿಡಿಯತ್ತೆ, ತಪ್ಪು ಇರೋದು ಗಾಡಿ ಮೇಲೆ ಕೂತಾಗ.

54.1ರ ರಿಂಗ್ ಹುಡುಕ್ತಾ ಕೂರೋ ಬದಲು ನಮ್ಮೂರ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರಿಗೆ ಅಲಾಯ್ ಒಂದನ್ನೂ ಅಳತೆನೂ ಕೊಟ್ಟೆ. ಅವ್ರು ಅಲ್ಯೂಮಿನಿಯಂ ರಾಡ್ ಕಚ್ಚಿಸಿ ಕಡೆಯೋಕೆ ಶುರು ಮಾಡಿದ್ರು, ಸುರುಳಿ ಸುರುಳಿ ಚೂರು ಬೀಳ್ತಿದ್ವು, ಪ್ರತಿ ಸಲ ಮಷಿನ್ ನಿಲ್ಲಿಸಿ ವರ್ನಿಯರ್ ಹಿಡಿದು ಮತ್ತೆ ಒಂದು ಕೂದಲೆಳೆ ತೆಗೆಯೋರು. ರಿಂಗನ್ನ ಅಲಾಯ್‌ಗೆ ಹೆಬ್ಬೆರಳಲ್ಲಿ ಒತ್ತಿದ್ರೆ ಟಪ್ ಅಂತ ಕೂರ್ತು, ಅಲ್ಲಾಡ್ಸಿದ್ರೆ ಅಲ್ಲಾಡ್ಲಿಲ್ಲ. ನಾಲ್ಕಕ್ಕೂ ಸೇರಿ 1,000 ರೂಪಾಯಿ. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗತ್ತೇನೋ ಅನ್ನೋ ಚಿಂತೆನೂ ಇಲ್ಲ. ಹಬ್ಬಿನ ತುಕ್ಕನ್ನ ವೈರ್ ಬ್ರಷ್ಷಲ್ಲಿ ಉಜ್ಜಿ, ತೆಳ್ಳಗೆ ಗ್ರೀಸ್ ಸವರಿ, ಚಕ್ರ ಗಾಳಿಲಿ ಇರುವಾಗಲೇ ನಾಲ್ಕೂ ನಟ್ಟನ್ನ ಎದುರುಬದುರು ಕೈಯಲ್ಲಿ ತಿರುಗಿಸಿ, ಇಳಿಸಿದ ಮೇಲೆ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) 85 ಎನ್‌ಎಂ, ಅಂದ್ರೆ ನ್ಯೂಟನ್ ಮೀಟರ್, ಬಿಗಿ ಕೊಟ್ಟೆ. ಅದೇ ರಸ್ತೆ, ಅದೇ 85 ಸ್ಪೀಡು, ಸ್ಟೇರಿಂಗ್ ನಿಂತ ನೀರಿನ ಥರ ಅಲ್ಲಾಡದೆ ಇತ್ತು. ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಈಗ ಹೊರಗಡೆ 26 ಮಿಮೀ ವಿಷಯ. ಹಿಂದಿನ ಎರಡೂ ಟೈರಿನ ಹೊರ ಭುಜಕ್ಕೆ ಸುತ್ತ ಸೀಮೆಸುಣ್ಣ ಬಳಿದು, ಹಿಂದೆ ಮೂರು ಜನ ಕೂರ್ಸಿ, ಡಿಕ್ಕಿಲಿ ಎರಡು ಅಕ್ಕಿ ಮೂಟೆ ಹಾಕಿ, ನಮ್ಮ ಬೀದಿಯ ದೊಡ್ಡ ಹಂಪ್ ಮೇಲೆ ನಾಲ್ಕು ಸಲ ಹತ್ತಿಸಿ ಇಳಿಸಿದೆ. ಎಡಗಡೆ ಟೈರಲ್ಲಿ ಒಂದು ಗೇಣಿನಷ್ಟು ಜಾಗ ಸುಣ್ಣ ಅಳಿಸಿತ್ತು, ಫೆಂಡರ್ ಅಂಚಿನ ಒಳಗೆ ಬಿಳಿ ಗುರುತು. ಅಂದ್ರೆ ತುಂಬಿದ ಗಾಡಿಲಿ ಉಜ್ಜತ್ತೆ. ಭಾವನ ಟೈರು 195/60 ಆರ್15, ಲೋಡ್ ನಂಬರ್ 88, ನನ್ನ ಹಳೇದು 85, ಭಾರಕ್ಕೆ ಕಮ್ಮಿ ಇಲ್ಲ. ಆದ್ರೆ ಪಕ್ಕದಲ್ಲಿ ತಯಾರಾದ ದಿನದ ನಾಲ್ಕಂಕಿ 2217 ಅಂತಿತ್ತು, 2017ರ 22ನೇ ವಾರ, ಬ್ಲಾಕುಗಳ ಸಂದಿಲಿ ಸಣ್ಣ ಸಣ್ಣ ಬಿರುಕೂ ಇತ್ತು. ಫೆಂಡರ್ ಬಡಿದು ಮಡಚಿಸೋ ಬದಲು ಟೈರನ್ನೇ ಬದಲಾಯಿಸಿದೆ, 185/65 ಆರ್15. ಇದು ಝಡ್‌ಡಿಐಗೆ (ಇದೇ ಸ್ವಿಫ್ಟ್ ಡೀಸೆಲ್‌ನ ಮೇಲಿನ ಮಾಡೆಲ್) ಕಂಪನಿನೇ ಕೊಡ್ತಿದ್ದ ಸೈಜು, ಎತ್ತರ 621 ಮಿಮೀ ಚಿಲ್ಲರೆ, ನನ್ನ 14ರ ಟೈರು 619 ಚಿಲ್ಲರೆ, ಸ್ಪೀಡೋಮೀಟರ್ ಲೆಕ್ಕ ಕೆಡಲ್ಲ, 6.5 ರಿಮ್ಮಿಗೂ ನಡಿಯತ್ತೆ. ಮತ್ತೆ ಸುಣ್ಣ ಬಳಿದು ಅದೇ ಹಂಪ್, ಅದೇ ಮೂಟೆ, ಈ ಸಲ ಅಳಿಸ್ಲಿಲ್ಲ. ಮಧ್ಯೆ ಇರೋದು ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ, ಅದಕ್ಕೇ ಇನ್ನೂ ಅಗಲದ ಟೈರು ಈ ರಿಮ್ಮಿಗೆ ಯಾರಾದ್ರೂ ಹಾಕ್ತೀನಿ ಅಂದ್ರೆ ನಾನು ಬೇಡ ಅಂತೀನಿ.

ಸವಾರಿ ಸ್ವಲ್ಪ ಗಟ್ಟಿ ಆಗಿದೆ, ಪಾರ್ಕಿಂಗಲ್ಲಿ ಸ್ಟೇರಿಂಗ್ ಚೂರು ಭಾರ. ಸಕಲೇಶಪುರದ ತಿರುವುಗಳಲ್ಲಿ ಹಿಡಿತ ಮಾತ್ರ ಮೊದಲಿಗಿಂತ ಎಷ್ಟೋ ಮೇಲು. 100 ಕಿಮೀ ಓಡಿಸಿದ ಮೇಲೆ ಎಲ್ಲಾ ನಟ್ಟಿಗೂ ಮತ್ತೆ ರೆಂಚ್ ಹಾಕಿ ನೋಡ್ದೆ, ಎರಡು ಚೂರು ತಿರುಗಿದ್ವು. ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಅಲಾಯ್‌ನ ಆಕ್ಸೆಸರಿ ಅಂತ ಸೇರಿಸ್ದೆ.

ಸ್ಟೆಪ್ನಿ ಹಳೇ 14ರ ಸ್ಟೀಲೇ ಇದೆ, ಪಂಕ್ಚರ್ ಅಂಗಡಿವರೆಗೆ ಸಾಕು. ಅದಕ್ಕೆ ಹಳೇ ಕಂಪನಿ ನಟ್ಟೇ ಇರ್ಲಿ ಅಂತ ನಾಲ್ಕನ್ನ ಒಂದು ಹಾರ್ಲಿಕ್ಸ್ ಡಬ್ಬಿಲಿ ಹಾಕಿ, "ಸ್ಟೆಪ್ನಿ ನಟ್" ಅಂತ ಚೀಟಿ ಅಂಟಿಸಿ ಜ್ಯಾಕ್ ಪಕ್ಕ ಇಟ್ಟಿದೀನಿ. ಸಿಟಿ ನಟ್ಟಿನ ಕವರನ್ನ ಭಾವನ ಕೈಗೇ ವಾಪಸ್ ಕೊಟ್ಟೆ, ನಮ್ ಮನೆಲಿ ಇದ್ರೆ ಯಾವತ್ತೋ ಒಂದಿನ ಯಾರೋ ಸ್ವಿಫ್ಟ್‌ಗೆ ತಿರುಗಿಸ್ತಾರೆ.