ತಂಡದ ಮಾತಿಗೆ ನಮ್ಮದೇ ಸರ್ವರ್: ಮಂಬಲ್ ಜೊತೆಗಿನ ನನ್ನ ಅನುಭವ

ಕೌಂಟರ್ ಸ್ಟ್ರೈಕ್‌ನಂತಹ ಐವರ ತಂಡದ ಕಂಪ್ಯೂಟರ್ ಆಟದಲ್ಲಿ ಅರ್ಧ ಸೆಕೆಂಡ್ ತಡವಾಗಿ ಬಂದ ಮಾತಿಗೆ ಬೆಲೆಯಿಲ್ಲ. ‘ಬಾಗಿಲ ಹಿಂದೆ ಒಬ್ಬನಿದ್ದಾನೆ’ ಎಂದು ಗೆಳೆಯ ಹೇಳಿದ್ದು ಕಿವಿಗೆ ಬೀಳುವಷ್ಟರಲ್ಲಿ ನಾವು ಆ ಬಾಗಿಲು ದಾಟಿರುತ್ತೇವೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನಲ್ಲಿ ಹಂಚಿಹೋಗಿರುವ ನಮ್ಮ ತಂಡಕ್ಕೆ ಧ್ವನಿ ಸರ್ವರ್, ಅಂದರೆ ಒಬ್ಬರ ಮಾತನ್ನು ಉಳಿದವರಿಗೆ ತಲುಪಿಸುವ ವ್ಯವಸ್ಥೆ, ಸ್ಥಾಪಿಸಿ ನೋಡಿಕೊಳ್ಳುತ್ತಿರುವವನು ನಾನು. ಸರ್ವರ್ ಸ್ಥಾಪಿಸುವುದು ಸುಲಭ. ಒಬ್ಬೊಬ್ಬರ ಮೈಕನ್ನು ಹದಕ್ಕೆ ತರುವುದೇ ಮುಕ್ಕಾಲು ಪಾಲು ಕೆಲಸ.

2015ರಲ್ಲಿ ಬಂದ, ಮಾತುಕತೆಯ ಆ್ಯಪ್ ಆದ ಡಿಸ್ಕಾರ್ಡ್ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಚಿತ್ರ, ಬರಹ ಹಂಚಿಕೊಳ್ಳಲು ನಾವೂ ಅದನ್ನೇ ಬಳಸುತ್ತೇವೆ. ಆಟದ ಹೊತ್ತಿನ ಮಾತಿಗೆ ಮಾತ್ರ ಮುಕ್ತ ತಂತ್ರಾಂಶವಾದ ಮಂಬಲ್ ಆರಿಸಿಕೊಂಡೆ. ಎರಡರಲ್ಲೂ ಧ್ವನಿಯನ್ನು ಕುಗ್ಗಿಸಿ ಕಳಿಸುವುದು ಓಪಸ್ ಎಂಬ ಕೊಡೆಕ್. ಆದರೆ ಎಷ್ಟು ಕುಗ್ಗಿಸಬೇಕು, ಎಷ್ಟು ಮಿಲಿಸೆಕೆಂಡಿನ ಧ್ವನಿಯನ್ನು ಒಂದು ಪೊಟ್ಟಣದಲ್ಲಿ (ಪ್ಯಾಕೆಟ್) ಕಳಿಸಬೇಕು ಎಂಬುದನ್ನೆಲ್ಲ ಮಂಬಲ್ ಬಳಸುವವರ ಕೈಗೇ ಬಿಡುತ್ತದೆ. ನನಗೆ ಬೇಕಿದ್ದದ್ದು ಅದೇ.

ಮನೆಯ ಹಳೆಯ ಕಂಪ್ಯೂಟರಿನಲ್ಲೇ ಸರ್ವರ್ ಓಡಿಸಬಾರದೇ ಎಂದು ಹಲವರು ಕೇಳುತ್ತಾರೆ. ಕಂಪ್ಯೂಟರಿನ ಶಕ್ತಿ ಧಾರಾಳವಾಗಿ ಸಾಕು. ತೊಡಕಿರುವುದು ಸಂಪರ್ಕದಲ್ಲಿ. ಅನೇಕ ಇಂಟರ್ನೆಟ್ ಸೇವೆಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುತ್ತವೆ. ಹೊರಗಿನಿಂದ ಬರುವ ಕರೆಗೆ ನಮ್ಮ ಮನೆಯ ದಾರಿಯೇ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನ ಡೇಟಾ ಸೆಂಟರ್ ಒಂದರಲ್ಲಿ ಚಿಕ್ಕ ಸರ್ವರ್ ಬಾಡಿಗೆಗೆ ಹಿಡಿದೆ. ಮಂಬಲ್ ಬಳಸುವ ಪೋರ್ಟ್, ಅಂದರೆ ಸರ್ವರ್‌ನೊಳಗೆ ಬರುವ ಬಾಗಿಲಿನ ಸಂಖ್ಯೆ, 64738. ಅದನ್ನು ಮಾಹಿತಿ ಸಾಗಿಸುವ ವಿಧಾನಗಳಾದ ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಬೇಕು. ಕಳೆದುಹೋದ ಪೊಟ್ಟಣವನ್ನು ಟಿಸಿಪಿ ಮತ್ತೆ ತರಿಸುತ್ತದೆ, ಯುಡಿಪಿ ಅದಕ್ಕಾಗಿ ಕಾಯುವುದಿಲ್ಲ. ಟಿಸಿಪಿ ಮಾತ್ರ ತೆರೆದರೂ ಎಲ್ಲರೂ ಒಳಗೆ ಬರುತ್ತಾರೆ, ಮಾತೂ ಕೇಳಿಸುತ್ತದೆ. ಆದರೆ ದಾರಿಯಲ್ಲಿ ಒಂದು ಪೊಟ್ಟಣ ಕಳೆದುಹೋದರೆ ಅದು ಮತ್ತೆ ಬರುವವರೆಗೆ ಅದರ ಬೆನ್ನಿಗೆ ಬಂದವೆಲ್ಲ ಕಾದು ನಿಲ್ಲುತ್ತವೆ. ಮಾತು ತಡೆದು ತಡೆದು, ಆಮೇಲೆ ಒಟ್ಟಿಗೆ ಸುರಿಯುತ್ತದೆ. ಹೀಗಾದರೆ ಮೈಕನ್ನು ಮುಟ್ಟುವ ಮೊದಲು ಯುಡಿಪಿ ತೆರೆದಿದೆಯೇ ಎಂದು ನೋಡಿ.

ಚಿಂತಾಮಣಿ ಬಳಿಯ ಹಳ್ಳಿಯ ಗೆಳೆಯನಿಗೆ ಮೊಬೈಲ್ ಡೇಟಾವೇ ಗತಿ. ಅವನಿಗೆ ಪೊಟ್ಟಣದ ಲೆಕ್ಕ ಬಹಳ ಮುಖ್ಯವಾಯಿತು. ಪ್ರತಿ ಪೊಟ್ಟಣದ ತಲೆಬರಹಕ್ಕೆ, ಅಂದರೆ ಐಪಿ ಮತ್ತು ಯುಡಿಪಿಯ ವಿವರಗಳಿಗೇ, 28 ಬೈಟ್ ಹೋಗುತ್ತದೆ. 10 ಮಿಲಿಸೆಕೆಂಡಿಗೊಂದು ಪೊಟ್ಟಣವಾದರೆ ಸೆಕೆಂಡಿಗೆ ನೂರು. ಮಾತಿನ ಲೆಕ್ಕ ಬಿಟ್ಟು, ತಲೆಬರಹಕ್ಕೇ 22 ಕಿಲೋಬಿಟ್‌ಗೂ ಹೆಚ್ಚು ಖರ್ಚು. 40 ಮಿಲಿಸೆಕೆಂಡಿಗೆ ಏರಿಸಿದರೆ ಈ ಖರ್ಚು ಆರು ಕಿಲೋಬಿಟ್‌ಗಿಂತ ಕೆಳಗಿಳಿಯುತ್ತದೆ. ಮಾತು ತುಸು ತಡವಾಗುತ್ತದೆ ನಿಜ, ಆದರೆ ತುಂಡಾಗುವುದಿಲ್ಲ. ಓಪಸ್‌ನ ಗುಣಮಟ್ಟವನ್ನೂ ಸೆಕೆಂಡಿಗೆ 24 ಕಿಲೋಬಿಟ್‌ಗೆ ಇಳಿಸಿದೆ. ಮನುಷ್ಯನ ಮಾತಿಗೆ ಅಷ್ಟು ಸಾಕು.

ಇನ್ನು ಮೈಕಿನ ವಿಷಯ. ತಂಡದ ಇನ್ನೊಬ್ಬನ ಮನೆಯ ಹಿಂಬದಿಗೇ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಶಿಡ್ಲಘಟ್ಟದಲ್ಲಿ ಇದು ವಿಶೇಷವೇನಲ್ಲ. ಕೆಲಸ ಹೆಚ್ಚಿರುವ ದಿನಗಳಲ್ಲಿ ಸಂಜೆಯೂ ಯಂತ್ರ ನಿಲ್ಲುವುದಿಲ್ಲ. ಮಾತು ಕೇಳಿದಾಗ ತಾನಾಗಿಯೇ ತೆರೆದುಕೊಳ್ಳುವ ವ್ಯವಸ್ಥೆಯಲ್ಲಿ ಅವನ ಮೈಕ್ ಮುಚ್ಚುತ್ತಲೇ ಇರಲಿಲ್ಲ, ಐವರ ಕಿವಿಯಲ್ಲೂ ಮೋಟಾರಿನ ಗುಂಯ್‌ ಸದ್ದು. ಅವನ ಮನೆಗೇ ಹೋಗಿ ಕುಳಿತೆ. ಮೊದಲು ವಿಂಡೋಸ್‌ನಲ್ಲಿದ್ದ, ಮೈಕಿನ ಸದ್ದನ್ನು ಹಿಗ್ಗಿಸುವ ಮೈಕ್ ಬೂಸ್ಟ್ ಪೂರ್ತಿ ತೆಗೆದೆ. ಮೈಕನ್ನು ಗಲ್ಲದಿಂದ ಮೇಲೆತ್ತಿ, ಉಸಿರು ನೇರವಾಗಿ ತಾಗದಂತೆ ತುಟಿಯ ಅಂಚಿಗೆ ಎರಡು ಬೆರಳಿನ ದೂರದಲ್ಲಿ ನಿಲ್ಲಿಸಿದೆ. ದೂರ ಅರ್ಧವಾದರೆ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಹಿಂದಿನ ಯಂತ್ರದ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಯಾವ ಸಾಫ್ಟ್‌ವೇರಿಗಿಂತಲೂ ಇದು ದೊಡ್ಡ ಲಾಭ. ಆಮೇಲೆ ಮಂಬಲ್‌ನಲ್ಲಿರುವ ಆರ್‌ಎನ್‌ನಾಯ್ಸ್ ಎಂಬ ಸದ್ದು ಶೋಧಕವನ್ನು ಚಾಲೂ ಮಾಡಿ, ಕೀಲಿ ಒತ್ತಿದಾಗಷ್ಟೇ ಮಾತು ಹೋಗುವ ಪುಶ್ ಟು ಟಾಕ್‌ಗೆ ಬದಲಿಸಿದೆ. ‘ಅಣ್ಣ, ಯಂತ್ರ ನಿಲ್ಲಿಸಿದರೇ?’ ಎಂದು ಗೌರಿಬಿದನೂರಿನ ಹುಡುಗ ಕೇಳಿದ. ಯಂತ್ರ ನನ್ನ ಬೆನ್ನ ಹಿಂದೆಯೇ ಓಡುತ್ತಿತ್ತು.

ಪುಶ್ ಟು ಟಾಕ್‌ನಲ್ಲಿ ಕನ್ನಡಿಗರು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ನಮ್ಮ ವಾಕ್ಯದ ತೀರ್ಮಾನವಿರುವುದು ಕೊನೆಯಲ್ಲಿ. ಬೆರಳು ಒಂದು ಕ್ಷಣ ಮೊದಲೇ ಎದ್ದರೆ ‘ಒಳಗೆ ಹೋಗಬೇಡ’ ಎಂಬುದು ‘ಒಳಗೆ ಹೋಗ’ ಎಂದು ಮುಗಿದುಬಿಡುತ್ತದೆ. ಕೀಲಿ ಬಿಟ್ಟ ಮೇಲೂ ಮೈಕ್ ತುಸು ಹೊತ್ತು ತೆರೆದಿರುವಂತೆ ಮಾಡುವ ಆಯ್ಕೆ ಮಂಬಲ್‌ನಲ್ಲೂ ಇದೆ, ಡಿಸ್ಕಾರ್ಡ್‌ನಲ್ಲೂ ಇದೆ. ನಾನು ಎಲ್ಲರಿಗೂ 300 ಮಿಲಿಸೆಕೆಂಡ್ ಇಟ್ಟಿದ್ದೇನೆ.

ಬ್ಲೂಟೂತ್ ಹೆಡ್‌ಸೆಟ್ ಬೇಡವೆಂದು ಎಲ್ಲರಿಗೂ ಹೇಳಿದ್ದೇನೆ. ಅದರ ಮೈಕ್ ಚಾಲೂ ಆದೊಡನೆ ಸಾಮಾನ್ಯವಾಗಿ ಅದು ಫೋನ್ ಕರೆಯ ವಿಧಾನಕ್ಕೆ ಇಳಿಯುತ್ತದೆ. ಆಟದ ಸದ್ದೂ ಮಂಕಾಗಿ, ಹೆಜ್ಜೆ ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯದಂತಾಗುತ್ತದೆ. ಸಾಧಾರಣ ಬೆಲೆಯ ತಂತಿಯ ಹೆಡ್‌ಸೆಟ್ ಇದಕ್ಕಿಂತ ಎಷ್ಟೋ ಮೇಲು. ಯಾರಾದರೂ ಮಾತನಾಡಿದಾಗಲೆಲ್ಲ ಆಟದ ಸದ್ದು ತಗ್ಗುತ್ತಿದ್ದರೆ ವಿಂಡೋಸ್‌ನ ಧ್ವನಿ ಸೆಟ್ಟಿಂಗ್‌ನಲ್ಲಿ ‘ಕಮ್ಯುನಿಕೇಷನ್ಸ್’ ವಿಭಾಗ ತೆರೆಯಿರಿ. ಉಳಿದ ಸದ್ದುಗಳನ್ನು ಶೇ 80ರಷ್ಟು ಇಳಿಸುವ ಆಯ್ಕೆ ಅಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ, ಅದನ್ನು ‘ಡು ನಥಿಂಗ್’ಗೆ ಬದಲಿಸಿ. ಆಟವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ ಮಂಬಲ್ ಅನ್ನೂ ಹಾಗೆಯೇ ತೆರೆಯಬೇಕು. ಇಲ್ಲದಿದ್ದರೆ ಆಟದೊಳಗೆ ಮಾತಿನ ಕೀಲಿ ಕೆಲಸ ಮಾಡದಿರಬಹುದು.

ಮಂಬಲ್ ನಮ್ಮನ್ನು ಗುರುತಿಸುವುದು ಕಂಪ್ಯೂಟರಿನಲ್ಲಿ ಉಳಿಸಿಟ್ಟ ಪ್ರಮಾಣಪತ್ರ ಎಂಬ ಗುರುತಿನ ಕಡತದಿಂದ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ಅದೂ ಅಳಿಸಿಹೋಗುತ್ತದೆ, ನೋಂದಾಯಿಸಿದ ನಮ್ಮದೇ ಹೆಸರಿನಲ್ಲಿ ಒಳಗೆ ಬರಲಾಗುವುದಿಲ್ಲ. ಸರ್ವಿಸ್‌ಗೆ ಕೊಡುವ ಮೊದಲು ಪ್ರಮಾಣಪತ್ರದ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.